ಹಾಡು ಉಳಿದಿತ್ತು, ಪಿನ್ ಹೋಗಿತ್ತು

ಹೋದ ಬೇಸಿಗೆಯ ಮಾತು. ಮಸ್ಕಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಗುಂಪಿನ ಗೆಳೆಯನೊಬ್ಬನ ಮನೆಯ ಅಟ್ಟದ ಮೇಲೆ ಹಳೆಯ ಕಂಪ್ಯೂಟರ್ ಡಬ್ಬಿಯೊಂದು ಸಿಕ್ಕಿತು. 2005ರ ಸುಮಾರಿಗೆ ಅವನ ಕಾಕಾ ಊರಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಮದುವೆ ಪತ್ರಿಕೆ, ಬಯಲಾಟದ ಕರಪತ್ರ, ಅರ್ಜಿ ಟೈಪು ಮಾಡುವುದು ಅವರ ಕೆಲಸ. ಬಿಡುವಿದ್ದಾಗ ಒಂದು ಮೈಕು ಹಚ್ಚಿ, ಗೆಳೆಯನ ಅಜ್ಜ ಹಾಡುತ್ತಿದ್ದ ತತ್ವಪದಗಳನ್ನು ಅದೇ ಕಂಪ್ಯೂಟರಿನಲ್ಲಿ ತುಂಬಿಸಿಟ್ಟಿದ್ದರು. ಅಜ್ಜ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವರ ದನಿ ಉಳಿದಿದ್ದರೆ ಆ ಡಬ್ಬಿಯೊಳಗೆ ಮಾತ್ರ.

ಡಬ್ಬಿ ಚಾಲೂ ಆಗಲಿಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಸಿಂಧನೂರಿನ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವರು ಅದನ್ನು ತಿರುವಿ ನೋಡಿದರು. "ಡಿಸ್ಕ್ ಕೆಟ್ಟಿದೆಯೋ ಇಲ್ಲೋ ಗೊತ್ತಿಲ್ರಿ. ಆದ್ರ ಇದರ ಪಿನ್ ಈಗಿನ ಯಾವ ಮಷಿನಿಗೂ ಹೊಂದಂಗಿಲ್ಲ" ಅಂದರು. ಎರಡನೇ ಅಂಗಡಿಯಲ್ಲೂ ಅದೇ ಮಾತು. ಮೂರನೆಯವರು ಗುಜರಿಗೆ ಹಾಕಿರಿ ಅಂದರು.

ಹಾಡು ಒಳಗೇ ಇದ್ದಿರಬಹುದು, ಆದರೆ ತೆಗೆಯುವ ದಾರಿ ಇಲ್ಲ. ಮಸ್ಕಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಮಾತೆಲ್ಲ ಇದರ ಬಗ್ಗೆಯೇ. ಒಂದು ಪಿನ್ ಯಾಕೆ ಹುಟ್ಟುತ್ತದೆ, ಯಾಕೆ ಸಾಯುತ್ತದೆ? ಅದರ ಇತಿಹಾಸವನ್ನು ಓದಿ, ತಿಳಿದವರನ್ನು ಕೇಳಿ, ಇಲ್ಲಿ ಬರೆದಿದ್ದೇವೆ. ನೀವು ಇದನ್ನು ಓದುತ್ತಿರುವ ಫೋನಿನೊಳಗೂ ಈ ಕಥೆಯ ಒಂದು ತುಂಡು ಇದೆ.

ಸೇರು, ಕೊಳಗ ಮತ್ತು ಡಿಸ್ಕು

1956ರಲ್ಲಿ ಅಮೆರಿಕದ ಐಬಿಎಂ ಕಂಪನಿ ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ಮಾರಾಟಕ್ಕೆ ತಂದಿತು. ಎರಡು ಅಡಿ ಅಗಲದ 50 ತಟ್ಟೆಗಳು, ಒಂದು ಟನ್ನಿಗೂ ಹೆಚ್ಚು ಭಾರ. ಅದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ, ಅಂದರೆ ನಿಮ್ಮ ಫೋನಿನ ಒಂದೆರಡು ಫೋಟೋದಷ್ಟು. ಆ ಡಿಸ್ಕು ಐಬಿಎಂ ಯಂತ್ರಕ್ಕೆ ಮಾತ್ರ ಹೊಂದುತ್ತಿತ್ತು.

ಅದೇ 1956ರಲ್ಲಿ ನಮ್ಮ ದೇಶದಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂತು. ಅದಕ್ಕೂ ಮೊದಲು ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮ ಇರುತ್ತಿರಲಿಲ್ಲ. ಸಂತೆಗೆ ಜೋಳ ಒಯ್ದ ರೈತ ಯಾರ ಕೊಳಗದಲ್ಲಿ ಅಳೆಯುತ್ತಾರೋ ಅವರ ಮರ್ಜಿಗೆ ಬೀಳುತ್ತಿದ್ದ. ಕಿಲೋ, ಲೀಟರು, ಮೀಟರು ಬಂದಮೇಲೆ ಅಳತೆ ಎಲ್ಲರದೂ ಆಯಿತು.

ಡಿಸ್ಕಿನ ಲೋಕದಲ್ಲೂ ಹಾಗೆಯೇ ನಡೆಯಿತು. ಶುರುವಿನಲ್ಲಿ ಪ್ರತಿ ಕಂಪನಿಗೂ ಅದರದೇ ಕೊಳಗ. ಯಂತ್ರ ಒಬ್ಬರದು ಕೊಂಡರೆ ಡಿಸ್ಕನ್ನೂ ಅವರ ಹತ್ತಿರವೇ ಕೊಳ್ಳಬೇಕು. ಡಿಸ್ಕು ಮತ್ತು ಯಂತ್ರ ಹೇಗೆ ಕೂಡಬೇಕು, ಯಾವ ತಂತಿಯಲ್ಲಿ ಏನು ಹೋಗಬೇಕು, ಯಾವ ಮಾತಿಗೆ ಯಾವ ಉತ್ತರ ಅನ್ನುವ ಒಪ್ಪಂದಕ್ಕೆ ಇಂಟರ್‌ಫೇಸ್ ಅನ್ನುತ್ತಾರೆ. ಹಲವು ಕಂಪನಿಗಳು ಕೂತು ಅದೇ ಒಪ್ಪಂದವನ್ನು ಎಲ್ಲರಿಗೂ ಒಂದೇ ಮಾಡಿಕೊಂಡರೆ ಅದು ಸ್ಟ್ಯಾಂಡರ್ಡ್.

ದೊಡ್ಡ ಒಪ್ಪಂದಗಳಲ್ಲಿ ಮೊದಲಿನದು 'ಸ್ಕಜಿ'. ಶುಗಾರ್ಟ್ ಅನ್ನುವ ಕಂಪನಿ ಮಾಡಿದ್ದನ್ನು ಆಧರಿಸಿ 1986ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಸಂಸ್ಥೆ ಇದಕ್ಕೆ ಮುದ್ರೆ ಒತ್ತಿತು. ದುಬಾರಿ ಯಂತ್ರಗಳಿಗೆ ಅದು. ಅದೇ ದಿನಗಳಲ್ಲಿ ವೆಸ್ಟರ್ನ್ ಡಿಜಿಟಲ್, ಕಾಂಪ್ಯಾಕ್ ಕಂಪನಿಗಳು ಸೇರಿ ಅಗ್ಗದ ದಾರಿಯೊಂದನ್ನು ಮಾಡಿದವು. ಅದೇ ಐಡಿಇ. ಬೂದು ಬಣ್ಣದ ಚಪ್ಪಟೆ ಕೇಬಲ್ಲು, 40 ಪಿನ್ನು. 1994ರಲ್ಲಿ ಅದೂ ಸ್ಟ್ಯಾಂಡರ್ಡ್ ಆಯಿತು. ನಮ್ಮ ಕಡೆಯ ಡಿಟಿಪಿ ಅಂಗಡಿ, ಸೈಬರ್ ಕೆಫೆ, ಶಾಲೆಯ ಮೊದಲ ಕಂಪ್ಯೂಟರಿನಲ್ಲೆಲ್ಲ ಇದ್ದದ್ದು ಇದೇ. ಅಜ್ಜನ ಹಾಡು ಇದ್ದದ್ದೂ ಇಂಥ 40 ಪಿನ್ನಿನ ಡಿಸ್ಕಿನಲ್ಲಿ.

ಆ ಚಪ್ಪಟೆ ಕೇಬಲ್ಲಿಗೆ ಒಂದು ತೊಂದರೆ ಇತ್ತು. ಅದರಲ್ಲಿ ಮಾಹಿತಿ 16 ತಂತಿಗಳ ಮೇಲೆ ಅಕ್ಕಪಕ್ಕ ಹೋಗಬೇಕು, ಒಂದೇ ಹೊತ್ತಿಗೆ ಮುಟ್ಟಬೇಕು. ಹದಿನಾರು ಬಂಡಿಗಳನ್ನು ಅಕ್ಕಪಕ್ಕ ಓಡಿಸಿದ ಹಾಗೆ. ನಿಧಾನಕ್ಕೆ ಹೊಡೆದರೆ ಸರಿ. ಜೋರು ಹೊಡೆದರೆ ಒಂದು ಮುಂದೆ, ಒಂದು ಹಿಂದೆ. ಅದಕ್ಕೇ 2003ರಲ್ಲಿ 'ಸಾಟಾ' ಬಂತು. ಇದರಲ್ಲಿ ಬಂಡಿಗಳು ಒಂದರ ಹಿಂದೆ ಒಂದು, ಆದರೆ ಬಹಳ ಜೋರು. ಏಳೇ ತಂತಿಯ ಸಣ್ಣ ಕೇಬಲ್ಲು. ಶುರುವಿನಲ್ಲಿ ಸೆಕೆಂಡಿಗೆ 150 ಎಂಬಿ, ಆಮೇಲೆ 300, 2009ರ ಹೊತ್ತಿಗೆ 600.

ಕಂಪ್ಯೂಟರ್ ಮಾಡುವವರು ಸಾಟಾಕ್ಕೆ ಹೊರಳಿದರು. ಕೆಲವು ವರ್ಷ ಎರಡೂ ಪಿನ್ನು ಒಟ್ಟಿಗೆ ಇದ್ದವು. ಆಮೇಲೆ 40 ಪಿನ್ನು ಸದ್ದಿಲ್ಲದೆ ಹೋಯಿತು. ಇಂಥ ದಿನ ನಿಲ್ಲುತ್ತದೆ ಎಂದು ನಮ್ಮ ಕಾಕಾಗೆ ಯಾರೂ ಹೇಳಲಿಲ್ಲ.

ಕೆರೆ ದೊಡ್ಡದು, ತೂಬು ಸಣ್ಣದು

ಇಷ್ಟರಲ್ಲಿ ಡಿಸ್ಕಿನ ಒಳಗೇ ಬೇರೆ ಬದಲಾವಣೆ ನಡೆದಿತ್ತು. ಜಪಾನಿನ ತೋಶಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೊಕಾ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನು ಲೋಕದ ಮುಂದಿಟ್ಟರು. 1987ರಲ್ಲಿ ಅದರ ಅಗ್ಗದ ರೂಪ 'ನ್ಯಾಂಡ್' ಬಂತು. ಇದರಲ್ಲಿ ತಿರುಗುವ ತಟ್ಟೆ ಇಲ್ಲ, ಓದುವ ಸೂಜಿ ಇಲ್ಲ. ಚಿಪ್ಪಿನೊಳಗಿನ ಕೋಟ್ಯಂತರ ಸಣ್ಣ ಗೂಡುಗಳಲ್ಲಿ ವಿದ್ಯುತ್ತಿನ ಕಣಗಳನ್ನು ಕೂಡಿಹಾಕಿ ಇಡುತ್ತಾರೆ. ಕರೆಂಟು ತೆಗೆದರೂ ಅವು ಅಲ್ಲೇ ಇರುತ್ತವೆ.

ಫ್ಲ್ಯಾಶ್ ನಮ್ಮ ಊರುಗಳಿಗೆ ಮೊದಲು ಬಂದದ್ದು ಕಂಪ್ಯೂಟರಿನಲ್ಲಲ್ಲ, ಮೆಮೊರಿ ಕಾರ್ಡಿನಲ್ಲಿ. ಬೆರಳ ಉಗುರಿನಷ್ಟು ಮೈಕ್ರೋ ಎಸ್‌ಡಿ ಕಾರ್ಡು 2005ರಲ್ಲಿ ಸ್ಟ್ಯಾಂಡರ್ಡ್ ಆಯಿತು. ಆಮೇಲಿನ ಹತ್ತು ವರ್ಷ ಸಿಂಧನೂರು, ಲಿಂಗಸುಗೂರಿನ ಮೊಬೈಲ್ ಅಂಗಡಿಗಳ ಮುಂದೆ ನಿಂತು ಕಾರ್ಡಿಗೆ ಹಾಡು ತುಂಬಿಸಿಕೊಂಡದ್ದು ನಿಮಗೆ ನೆನಪಿರಬಹುದು. ಬಹಳಷ್ಟು ಕಂಪನಿಗಳ ಫೋನಿಗೆ ಅದೇ ಕಾರ್ಡು ಹೊಂದುತ್ತಿತ್ತು. ಒಪ್ಪಂದ ಒಂದೇ ಇದ್ದದ್ದರಿಂದ ಆ ವ್ಯಾಪಾರ ನಡೆಯಿತು.

ಕಂಪ್ಯೂಟರಿಗೆ ಎಸ್‌ಎಸ್‌ಡಿ ಬಂದಾಗ ಅದನ್ನು ಹಳೆಯ ಸಾಟಾ ಪಿನ್ನಿಗೇ ಹೊಂದಿಸಿದರು. ಜನರ ಹತ್ತಿರ ಇದ್ದದ್ದು ಅದೇ ತಾನೆ. ಆದರೆ ಸಾಟಾವನ್ನೂ, ಅದರ ಮೇಲೆ ನಡೆಯುವ ಮಾತುಕತೆಯ ಕ್ರಮವನ್ನೂ ಮಾಡಿದ್ದು ತಿರುಗುವ ತಟ್ಟೆಯ ವೇಗ ನೋಡಿ. ಕೆರೆ ದೊಡ್ಡದಾಯಿತು, ತೂಬು ಸಣ್ಣದೇ ಉಳಿಯಿತು.

ಗೊಬ್ಬರದ ಸೊಸೈಟಿಯನ್ನು ನೆನಪು ಮಾಡಿಕೊಳ್ಳಿ. ಒಂದೇ ಕಿಟಕಿ, ಒಂದೇ ಸಾಲು, ಸಾಲಿನಲ್ಲಿ ಹೆಚ್ಚೆಂದರೆ 32 ಜನ. ಸಾಟಾ ಡಿಸ್ಕಿನ ಲೆಕ್ಕ ಇಷ್ಟೇ. ಒಳಗೆ ಚೀಲ ಎತ್ತುವವನು ಒಬ್ಬನೇ ಇದ್ದಾಗ ಇದು ಸಾಕಿತ್ತು. ಎಸ್‌ಎಸ್‌ಡಿಯಲ್ಲಿ ಎತ್ತುವವರು ಹತ್ತಾರು ಜನ ಒಮ್ಮೆಗೇ ಇದ್ದಾರೆ. ಕಿಟಕಿ ಒಂದೇ ಆದರೆ ಅವರು ಸುಮ್ಮನೆ ಕೂರಬೇಕು.

ಕೆಲವು ಕಂಪನಿಗಳು ತೂಬನ್ನು ಬಿಟ್ಟು, ಎಸ್‌ಎಸ್‌ಡಿಯನ್ನು ಕಂಪ್ಯೂಟರಿನ ಮುಖ್ಯ ಹಾದಿಯಾದ ಪಿಸಿಐ ಎಕ್ಸ್‌ಪ್ರೆಸ್‌ಗೆ ನೇರ ಜೋಡಿಸಿದವು. ವೇಗ ಬಂತು. ಆದರೆ ಮತ್ತೆ ಪ್ರತಿಯೊಬ್ಬರಿಗೂ ಅವರವರ ಕೊಳಗ. ಒಬ್ಬರ ಕಾರ್ಡಿಗೆ ಅವರ ಸಾಫ್ಟ್‌ವೇರೇ ಬೇಕು. ಆಗ ಇಂಟೆಲ್ ಕಂಪನಿಯ ಎಂಜಿನಿಯರ್ ಆಂಬರ್ ಹಫ್‌ಮನ್ ಅವರ ಮುಂದಾಳತ್ವದಲ್ಲಿ ಹಲವು ಕಂಪನಿಗಳು ಸೇರಿ 2011ರ ಮಾರ್ಚ್‌ನಲ್ಲಿ 'ಎನ್‌ವಿಎಂಇ' ಅನ್ನುವ ಒಪ್ಪಂದ ಹೊರಡಿಸಿದವು. ಇದರಲ್ಲಿ 65 ಸಾವಿರದಷ್ಟು ಸಾಲು ಇರಬಹುದು, ಪ್ರತಿ ಸಾಲಿನಲ್ಲೂ 65 ಸಾವಿರದಷ್ಟು ಬೇಡಿಕೆ ನಿಲ್ಲಬಹುದು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಓದಿದರೆ, ಕೆಲವೇ ವರ್ಷಗಳಲ್ಲಿ ಎನ್‌ವಿಎಂಇ 3,500 ಎಂಬಿ ಓದಿತು. ಈಗ ಅದರ ಎರಡು ಪಟ್ಟು ಕೂಡ ಸಾಮಾನ್ಯ.

ಇಲ್ಲಿ ಕೊಳ್ಳುವವರಿಗೆ ಒಂದು ಮಾತು. ಚ್ಯೂಯಿಂಗ್ ಗಮ್ ಪಟ್ಟಿಯಂಥ ಎಸ್‌ಎಸ್‌ಡಿಗೆ 'ಎಂ.2' ಅನ್ನುತ್ತಾರೆ. ಅದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾವೂ ಇದೆ, ಎನ್‌ವಿಎಂಇಯೂ ಇದೆ. ಸಾಮಾನ್ಯವಾಗಿ ಪಿನ್ನಿನ ಕಡೆ ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ನಿಮ್ಮ ಮಷಿನ್ ಯಾವುದನ್ನು ಒಪ್ಪುತ್ತದೆ ಎಂದು ಕೇಳಿಯೇ ದುಡ್ಡು ಕೊಡಿ.

ತಂತಿ ಹೋದರೂ ಮಾತು ಉಳಿಯಿತು

ಈ ಇತಿಹಾಸ ಓದುವಾಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಸ್ಕಜಿಯ ಕಥೆ. ಅದರ ದಪ್ಪ ಕೇಬಲ್ಲು, ಅಗಲ ಪಿನ್ನು ಎಂದೋ ಗುಜರಿಗೆ ಹೋದವು. ಆದರೆ 'ಇಂಥ ಜಾಗದಿಂದ ಇಷ್ಟು ಓದು, ಇಂಥ ಜಾಗಕ್ಕೆ ಇಷ್ಟು ಬರೆ' ಎಂದು ಹೇಳುವ ಅದರ ಭಾಷೆ ಸಾಯಲಿಲ್ಲ.

1994ರಲ್ಲಿ 'ಫೈಬರ್ ಚಾನೆಲ್' ಅನ್ನುವ ಸ್ಟ್ಯಾಂಡರ್ಡ್ ಬಂತು. ದೊಡ್ಡ ಕಚೇರಿಗಳಲ್ಲಿ ಡಿಸ್ಕುಗಳನ್ನೆಲ್ಲ ಒಂದು ಕೋಣೆಯಲ್ಲಿ ಒಟ್ಟು ಮಾಡಿ, ಹಲವು ಸರ್ವರುಗಳು ಗಾಜಿನ ಎಳೆಯ ಮೂಲಕ ಅದನ್ನು ಮುಟ್ಟುವ ಏರ್ಪಾಟು ಅದು. ಪ್ರತಿ ಹೊಲಕ್ಕೂ ಬಾವಿ ತೋಡುವ ಬದಲು ಜಲಾಶಯ ಕಟ್ಟಿ ಕಾಲುವೆ ಬಿಟ್ಟ ಹಾಗೆ. ತುಂಗಭದ್ರಾ ಎಡದಂಡೆ ಕಾಲುವೆ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಕಾಲುವೆಯಲ್ಲಿ ಹರಿದದ್ದು ಸ್ಕಜಿಯ ಮಾತೇ.

ಫೈಬರ್ ಚಾನೆಲ್ ದುಬಾರಿ. 2004ರಲ್ಲಿ ಬಂದ 'ಐ-ಸ್ಕಜಿ' ಅದೇ ಮಾತುಗಳನ್ನು ಲಕೋಟೆಯಲ್ಲಿಟ್ಟು ಇಂಟರ್ನೆಟ್ಟಿನ ಸಾಮಾನ್ಯ ತಂತಿಯ ಮೇಲೆ ಕಳಿಸಿತು. ಸಣ್ಣ ಕಚೇರಿಗಳಿಗೂ ಅದು ಎಟುಕಿತು. 2016ರಲ್ಲಿ ಎನ್‌ವಿಎಂಇಯೂ ನೆಟ್‌ವರ್ಕಿನ ಮೇಲೆ ಹರಿಯಲು ತನ್ನದೇ ಒಪ್ಪಂದ ಮಾಡಿಕೊಂಡಿತು. ನಿಮ್ಮ ಪೆನ್ ಡ್ರೈವ್ ಕಂಪ್ಯೂಟರಿನ ಜೊತೆ ಆಡುವುದು ಸ್ಕಜಿಯ ಮಾತನ್ನೇ. ಈಗಿನ ಬಹಳಷ್ಟು ಫೋನುಗಳಲ್ಲಿರುವ 'ಯುಎಫ್‌ಎಸ್' ಮೆಮೊರಿಯೂ ಅದೇ ಭಾಷೆಯಲ್ಲಿ ಉತ್ತರ ಕೊಡುತ್ತದೆ. 1980ರ ದಶಕದ ಒಪ್ಪಂದವೊಂದು ನಿಮ್ಮ ಕೈಯಲ್ಲಿ ಇವತ್ತೂ ಕೆಲಸ ಮಾಡುತ್ತಿದೆ.

ಓದುವವರಿಲ್ಲದ ಕಲ್ಲು

ಇದು ತಿಳಿದಾಗ ನಮಗೆ ಮಸ್ಕಿಯ ಬಂಡೆ ನೆನಪಾಯಿತು. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರು 1915ರಲ್ಲಿ ಆ ಶಾಸನವನ್ನು ಲೋಕಕ್ಕೆ ತೋರಿಸಿದರು. ಬೇರೆ ಶಾಸನಗಳಲ್ಲಿ ಬರೀ 'ದೇವಾನಾಂಪ್ರಿಯ' ಎಂದಿದ್ದ ರಾಜ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಕಲ್ಲು ಅದು. ಎರಡು ಸಾವಿರ ವರ್ಷ ದಾಟಿದರೂ ಅಕ್ಷರ ಉಳಿದಿತ್ತು.

ಆದರೆ ಅಕ್ಷರ ಉಳಿದರೆ ಸಾಕಾಗುವುದಿಲ್ಲ. 14ನೇ ಶತಮಾನದಲ್ಲಿ ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ದೆಹಲಿಗೆ ತರಿಸಿದಾಗ, ಅದರ ಮೇಲಿನದನ್ನು ಓದುವವರು ಒಬ್ಬರೂ ಸಿಗಲಿಲ್ಲ. ಬ್ರಾಹ್ಮಿ ಲಿಪಿ ಓದುವ ದಾರಿ ತಪ್ಪಿಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಬಿಡಿಸಿದರು. ಅವರ ಕೆಲಸ ಆಗಿರದಿದ್ದರೆ 1915ರಲ್ಲೂ ಮಸ್ಕಿಯ ಬಂಡೆ ಗೀರು ಬಿದ್ದ ಕಲ್ಲಷ್ಟೇ ಆಗಿರುತ್ತಿತ್ತು. ಬ್ರಾಹ್ಮಿಯಿಂದಲೇ ಮುಂದೆ ನಮ್ಮ ಕನ್ನಡ ಲಿಪಿ ಹುಟ್ಟಿತು ಅನ್ನುವುದನ್ನು ನೆನೆದರೆ, ಸ್ವಂತ ಮನೆಯ ಬೀಗದ ಕೈ ಕಳೆದುಕೊಂಡ ಹಾಗೆ ಇದು.

ಇಷ್ಟು ದೂರ ಹೋಗಬೇಕಿಲ್ಲ. ರಾಯಚೂರು ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಕಾಲದ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ಕಾಗದ ಗಟ್ಟಿಯಾಗಿಯೇ ಇದ್ದರೂ, ಆ ಕೈಬರಹ ಓದುವ ಹಿರಿಯರನ್ನು ಹುಡುಕಿಕೊಂಡು ಹೋಗಬೇಕು. ಅಂಥವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಪಹಣಿ ಹೇಗೆ ಉಳಿಯಿತು

ಹಾಗಾದರೆ ಏನು ಉಳಿಯುತ್ತದೆ? ನಮ್ಮ ಕಣ್ಣ ಮುಂದಿನ ಉದಾಹರಣೆ ಪಹಣಿ.

ಇಪ್ಪತ್ತೈದು ವರ್ಷದ ಹಿಂದಿನವರೆಗೆ ಪಹಣಿ ಬರೆಯುತ್ತಿದ್ದದ್ದು ಗ್ರಾಮ ಲೆಕ್ಕಿಗರು, ಕೈಯಲ್ಲಿ, ಪುಸ್ತಕದಲ್ಲಿ. ಅವರು ಸಿಗಬೇಕು, ಪುಸ್ತಕ ಸಿಗಬೇಕು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 2002ರ ಹೊತ್ತಿಗೆ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿತು. ಕೈಬರಹದ ಪಹಣಿ ನಡೆಯುವುದಿಲ್ಲ ಎಂದಾಯಿತು.

ಆಗ ಪ್ರತಿ ತಾಲ್ಲೂಕಿನ ಲೆಕ್ಕ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇರುತ್ತಿತ್ತು. ಸಿಂಧನೂರಿನ ಹೊಲಕ್ಕೆ ಸಿಂಧನೂರು, ಲಿಂಗಸುಗೂರಿನ ಹೊಲಕ್ಕೆ ಲಿಂಗಸುಗೂರು. ಮುಂದೆ ಅದೆಲ್ಲ ನೆಟ್‌ವರ್ಕಿನ ಮೂಲಕ ಬೆಂಗಳೂರಿನ ದತ್ತಾಂಶ ಕೇಂದ್ರ ಸೇರಿತು. ಈಗ ಫೋನಿನಲ್ಲೇ ನೋಡುತ್ತೀರಿ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕಿನ ಊರುಗಳನ್ನು ಸೇರಿಸಿ ಮಸ್ಕಿ ತಾಲ್ಲೂಕು ಮಾಡಿದಾಗ, ಪರದೆಯ ಮೇಲೆ ಆ ಊರುಗಳ ತಾಲ್ಲೂಕಿನ ಹೆಸರೂ ಬದಲಾಯಿತು.

2002ರ ತಾಲ್ಲೂಕು ಸರ್ವರಿನ ಡಿಸ್ಕು ಮತ್ತು ನಮ್ಮ ಕಾಕಾ ಅವರ ಡಿಸ್ಕು ಹೆಚ್ಚು ಕಡಿಮೆ ಒಂದೇ ವಾರಗೆಯವು. ಆ ಡಿಸ್ಕು ಇಂದು ಎಲ್ಲಿದೆಯೋ ಯಾರಿಗೆ ಬೇಕು. ಅದರೊಳಗಿನ ಪಹಣಿ ಮಾತ್ರ ಇದೆ. ಯಾಕೆಂದರೆ ಪಿನ್ನು ಸಾಯುವ ಮೊದಲೇ ಯಾರೋ ಅದನ್ನು ಮುಂದಿನ ಡಿಸ್ಕಿಗೆ, ಅಲ್ಲಿಂದ ಮುಂದಿನದಕ್ಕೆ ಸಾಗಿಸಿದರು. ತುಂಬುವಾಗ ಆದ ಹೆಸರಿನ ತಪ್ಪು, ಎಕರೆ ಗುಂಟೆಯ ತಪ್ಪು ಕೂಡ ಜೊತೆಗೇ ಸಾಗಿ ಬಂದವು, ಅದು ಬೇರೆ ಮಾತು. ಅದನ್ನು ತಿದ್ದಿಸಲು ರೈತರು ಇವತ್ತಿಗೂ ಅಲೆಯುತ್ತಾರೆ. ಆದರೂ ಸಾಗಿಸದೇ ಇದ್ದಿದ್ದರೆ ತಿದ್ದಲು ಕೂಡ ಏನೂ ಇರುತ್ತಿರಲಿಲ್ಲ.

ಸರ್ಕಾರದ ಕಾಗದಕ್ಕೆ ಹೀಗೆ ಸಾಗಿಸುವವರು ಸಂಬಳಕ್ಕೆ ಇದ್ದಾರೆ. ಮನೆಯ ಹಾಡಿಗೆ, ಸಂಘದ ಲೆಕ್ಕಕ್ಕೆ, ಮದುವೆ ಫೋಟೋಗೆ ಯಾರಿದ್ದಾರೆ? ನಾವೇ.

ಬಿಸಿಲಿನ ಲೆಕ್ಕ

'ಈಗೆಲ್ಲ ಎಸ್‌ಎಸ್‌ಡಿ, ಪೆನ್ ಡ್ರೈವ್ ಬಂದಿದೆ, ಅದರಲ್ಲಿ ಹಾಕಿ ಟ್ರಂಕಿನಲ್ಲಿಟ್ಟರೆ ಆಯಿತು' ಅನ್ನುವವರು ಬಹಳ. ಫ್ಲ್ಯಾಶಿನಲ್ಲಿ ಕಣಗಳನ್ನು ಗೂಡಿನಲ್ಲಿ ಕೂಡಿಹಾಕುತ್ತಾರೆ ಎಂದು ಮೇಲೆ ಹೇಳಿದೆವಲ್ಲ. ಅವು ನಿಧಾನಕ್ಕೆ ಸೋರುತ್ತವೆ. ಮಣ್ಣಿನ ಹರವಿಯ ನೀರಿನ ಹಾಗೆ. ಬಿಸಿ ಹೆಚ್ಚಾದಷ್ಟೂ ಸೋರಿಕೆ ಹೆಚ್ಚು.

ಜೆಡೆಕ್ ಅನ್ನುವ ಸ್ಟ್ಯಾಂಡರ್ಡ್ ಸಂಸ್ಥೆಯ ಲೆಕ್ಕ ಹೀಗಿದೆ. ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ ಬರೆದು ಬರೆದು ತನ್ನ ಆಯುಷ್ಯ ಮುಗಿಸಿದ ಮೇಲೆ, ಕರೆಂಟಿಲ್ಲದೆ 30 ಡಿಗ್ರಿ ಉಷ್ಣದಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ, ಹೆದರಬೇಕಿಲ್ಲ. ಆದರೆ ನಮ್ಮ ಏಪ್ರಿಲ್, ಮೇ ತಿಂಗಳು 30 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. 40 ದಾಟುತ್ತದೆ. ತಗಡಿನ ಮನೆಯ ಅಟ್ಟದಲ್ಲಿ ಇನ್ನೂ ಹೆಚ್ಚು. ಹಳೆಯ ಪೆನ್ ಡ್ರೈವ್ ಅಲ್ಲಿಟ್ಟು ವರ್ಷಗಟ್ಟಲೆ ಮರೆತರೆ ಉಳಿಯುತ್ತದೆ ಎಂದು ಯಾರೂ ಮಾತು ಕೊಡಲಾರರು.

ಅದಕ್ಕೇ ಇಷ್ಟು ಮಾಡಿ. ಬೇಕಾದದ್ದನ್ನು ಒಂದೇ ಕಡೆ ಇಡಬೇಡಿ, ಎರಡು ಬೇರೆ ಸಾಧನದಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ತಂಪಾದ ಕಡೆ ಇಡಿ. ವರ್ಷಕ್ಕೊಮ್ಮೆ, ಉಗಾದಿಗೋ ದೀಪಾವಳಿಗೋ, ಹಚ್ಚಿ ತೆರೆದು ನೋಡಿ. ಅಂಗಡಿಯವರು 'ಈ ಪಿನ್ ಈಗ ಕಡಿಮೆ ಆಗ್ಯದ' ಅಂದ ದಿನವೇ ಮುಂದಿನದಕ್ಕೆ ಸಾಗಿಸಿ.

ಅಜ್ಜನ ದನಿ

ಕೊನೆಗೆ ದಾರಿ ಸಿಕ್ಕಿತು. ಲಿಂಗಸುಗೂರಿನ ಹಳೆಯ ರಿಪೇರಿ ಅಂಗಡಿಯೊಂದರ ಮೇಜಿನ ಖಾನೆಯಲ್ಲಿ, 40 ಪಿನ್ನನ್ನು ಯುಎಸ್‌ಬಿಗೆ ಹೊಂದಿಸುವ ಒಂದು ತಂತಿ ಬಿದ್ದಿತ್ತು. ಅವರು ಅದನ್ನು ಎಸೆಯದೆ ಇಟ್ಟಿದ್ದೇ ನಮ್ಮ ಪುಣ್ಯ. ಡಿಸ್ಕು ಗರಗರ ತಿರುಗಿತು. 40 ಹಾಡಿನಲ್ಲಿ 31 ಬಂದವು. ಉಳಿದ ಒಂಬತ್ತು ಇದ್ದ ಜಾಗ ಕೆಟ್ಟಿತ್ತು. ಎರಡು ವರ್ಷ ಮೊದಲೇ ಅಟ್ಟ ಹತ್ತಿದ್ದರೆ ಅವೂ ಸಿಗುತ್ತಿದ್ದವೇನೋ.

ಹಾಡಿನ ಪಟ್ಟಿಯ ಕಡತ ತೆರೆದರೆ ಬರೀ ಅಡ್ಡಾದಿಡ್ಡಿ ಚಿಹ್ನೆಗಳು. ಕಾಕಾ ಅದನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದರು. ಆಗ ಡಿಟಿಪಿಯವರು ಯೂನಿಕೋಡ್ ಬಳಸುತ್ತಿರಲಿಲ್ಲ. ಪಿನ್ನು ದಾಟಿದ ಮೇಲೆ ಇನ್ನೊಂದು ಬೀಗ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಸಾಫ್ಟ್‌ವೇರ್ ಹಾಕಿದ ಮೇಲೆ ಕನ್ನಡ ಮೂಡಿತು. ಪ್ರತಿ ಪದದ ಮುಂದೆ ಅದನ್ನು ಅಜ್ಜ ಯಾರಿಂದ ಕಲಿತರು ಎಂದು ಕಾಕಾ ಬರೆದಿಟ್ಟಿದ್ದರು. ಮನೆಯವರಿಗೂ ಅದು ಗೊತ್ತಿರಲಿಲ್ಲ.

ಈಗ ಆ 31 ಹಾಡು ಮೂರು ಕಡೆ ಇವೆ. ಗೆಳೆಯನ ಅಪ್ಪ ಮೊದಲ ಹಾಡು ಕೇಳಿ ಸುಮ್ಮನೆ ಕೂತರು. ಆಮೇಲೆ "ಇನ್ನೊಮ್ಮೆ ಹಚ್ಚು" ಅಂದರು.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಡಬ್ಬಿ ಇದ್ದರೆ, ಮುಂದಿನ ಬೇಸಿಗೆಯವರೆಗೆ ಕಾಯಬೇಡಿ. ಆ ತಂತಿ ಇನ್ನೂ ಒಂದೆರಡು ಅಂಗಡಿಯಲ್ಲಿ ಇದೆ.